ಅಲ್ಯೂಮಿನಿಯಂನಲ್ಲಿ ತಿರುಪು ಕೊರೆಯುವ ವಿದ್ಯೆ

ನಿಮ್ಮ ಮನೆಯ ಸಾಮಾನುಗಳನ್ನು ಒಮ್ಮೆ ಎಣಿಸಿ ನೋಡಿ. ಹೊಲಿಗೆ ಯಂತ್ರ, ಗೋಡೆ ಗಡಿಯಾರ, ಬೈಸಿಕಲ್ಲು, ನೆತ್ತಿಯ ಮೇಲೆ ತಿರುಗುವ ಫ್ಯಾನು, ಮೂಲೆಯಲ್ಲಿ ಹಾಡುವ ರೇಡಿಯೊ – ಇವುಗಳಲ್ಲಿ ತಿರುಪಿಲ್ಲದ ವಸ್ತು ಒಂದಾದರೂ ಉಂಟೆ? ತಿರುಪು ಬಿಗಿಯಾಗಿರುವವರೆಗೆ ಅದರ ನೆನಪು ಯಾರಿಗೂ ಬರುವುದಿಲ್ಲ. ಅದು ಸಡಿಲವಾಗಿ ಗಡಗಡ ಸದ್ದು ಹೊರಟಾಗ ಮಾತ್ರ ಮನೆಯೆಲ್ಲ ಸ್ಕ್ರೂಡ್ರೈವರಿಗಾಗಿ ಹುಡುಕಾಟ. ಎಷ್ಟು ತಿರುಗಿಸಿದರೂ ಬಿಗಿಯಾಗದೆ ತಿರುಪು ಸುಮ್ಮನೆ ಸುತ್ತುತ್ತಿದ್ದರೆ, “ಥ್ರೆಡ್ ಹೋಗಿದೆ” ಎಂದು ಮೆಕ್ಯಾನಿಕ್ ತಲೆಯಾಡಿಸುತ್ತಾನೆ. ಹೋದದ್ದು ತಿರುಪಿನ ಥ್ರೆಡ್ ಆದರೆ ಅಂಗಡಿಯಲ್ಲಿ ಹೊಸ ತಿರುಪು ಸಿಕ್ಕೀತು. ಹೋದದ್ದು ತಿರುಪು ಕೂರುವ ರಂಧ್ರದ ಥ್ರೆಡ್ ಆದರೆ ಕಷ್ಟ ಅಲ್ಲಿಂದಲೇ ಪ್ರಾರಂಭ. ರಂಧ್ರವನ್ನು ಅಂಗಡಿಯಿಂದ ಕೊಂಡು ತರುವಂತಿಲ್ಲವಷ್ಟೆ!

ಆ ರಂಧ್ರದೊಳಗಿನ ಥ್ರೆಡ್ಡನ್ನು ಕಾರ್ಖಾನೆಯಲ್ಲಿ ಹೇಗೆ ಕೊರೆಯುತ್ತಾರೆ, ಅದರಲ್ಲಿಯೂ ಅಲ್ಯೂಮಿನಿಯಂನಂಥ ಮೆತ್ತನೆಯ ಲೋಹದಲ್ಲಿ, ಗಣಕದ ಆಜ್ಞೆಯಂತೆ ನಡೆಯುವ ಸಿ.ಎನ್.ಸಿ. ಮಿಲ್ಲಿಂಗ್ ಯಂತ್ರದ ಮೇಲೆ ಈ ಕೆಲಸವನ್ನು ಕಲಿಯುವವನು ಏನೇನು ಬಲ್ಲವನಾಗಬೇಕು ಎಂಬುದು ಈ ಲೇಖನದ ವಿಷಯ. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಐ.ಟಿ.ಐ.ಯಲ್ಲಿ ಕಲಿಯುತ್ತಿದ್ದರೆ ಅವರು ಸಂಜೆ ಬಂದು ಹೇಳುವ ಮಾತು ನಿಮಗೆ ಇದರಿಂದ ತಿಳಿದೀತು. ಹಾಗಿಲ್ಲದಿದ್ದರೂ ನಿಮ್ಮ ಸ್ಕೂಟರಿನ ಎಂಜಿನ್ನು ಎಷ್ಟು ಎಚ್ಚರಿಕೆಯ ಮೇಲೆ ನಿಂತಿದೆ ಎಂಬುದಾದರೂ ಮನಸ್ಸಿಗೆ ಬಂದೀತು.

ಮೊದಲು ತಿರುಪು ಎಂದರೇನು ಎಂಬುದನ್ನು ನೋಡೋಣ. ಕಾಗದವನ್ನು ಓರೆಯಾಗಿ, ತ್ರಿಕೋಣಾಕಾರವಾಗಿ ಕತ್ತರಿಸಿ ಒಂದು ಪೆನ್ಸಿಲಿಗೆ ಸುತ್ತಿರಿ. ಕಾಗದದ ಓರೆ ಅಂಚು ಪೆನ್ಸಿಲಿನ ಮೇಲೆ ಸುರುಳಿಯಾಗಿ ಏರುತ್ತದೆ. ತಿರುಪು ಎಂದರೆ ಇಷ್ಟೇ. ಕಂಬಕ್ಕೆ ಸುತ್ತಿದ ಒಂದು ಇಳಿಜಾರು ದಾರಿ. ಒಂದು ಸುತ್ತಿಗೆ ಈ ದಾರಿ ಎಷ್ಟು ಮೇಲೇರುತ್ತದೆಯೋ ಆ ಅಳತೆಗೆ ‘ಪಿಚ್’ ಎಂದು ಹೆಸರು. ಆರು ಮಿಲಿಮೀಟರ್ ದಪ್ಪದ ಸಾಮಾನ್ಯ ತಿರುಪಿನ ಪಿಚ್ ಒಂದು ಮಿಲಿಮೀಟರ್. ಇದನ್ನು ‘ಎಂ 6’ ಎಂದು ಕರೆಯುತ್ತಾರೆ. ‘ಎಂ 8’ರ ಪಿಚ್ 1.25 ಮಿಲಿಮೀಟರ್. ಈ ಎರಡು ಸಂಖ್ಯೆಗಳನ್ನು ನೆನಪಿನಲ್ಲಿಡಿ. ಮುಂದಿನ ಕಥೆಯೆಲ್ಲ ಇವುಗಳದೇ.

ಹಿಂದೆ ಒಬ್ಬೊಬ್ಬ ಕುಶಲಕರ್ಮಿಯ ತಿರುಪು ಒಂದೊಂದು ಬಗೆಯಾಗಿತ್ತು. ಒಬ್ಬನ ತಿರುಪು ಇನ್ನೊಬ್ಬನ ನಟ್ಟಿಗೆ ಹೊಂದುತ್ತಿರಲಿಲ್ಲ. ಇಂಗ್ಲೆಂಡಿನ ಹೆನ್ರಿ ಮಾಡ್‌ಸ್ಲೆ 1800ರ ಸುಮಾರಿಗೆ ತಿರುಪು ಕೊರೆಯುವ ಲೇತನ್ನು ಸುಧಾರಿಸಿ ಒಂದೇ ಅಳತೆಯ ತಿರುಪುಗಳನ್ನು ಮತ್ತೆ ಮತ್ತೆ ಮಾಡುವುದನ್ನು ಸಾಧ್ಯವಾಗಿಸಿದ. ಅವನ ಕಾರ್ಖಾನೆಯಲ್ಲಿ ಪಳಗಿದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಎಲ್ಲರೂ ಒಂದೇ ಕ್ರಮವನ್ನು ಅನುಸರಿಸಬೇಕೆಂದು ಸೂಚಿಸಿ, ಥ್ರೆಡ್ಡಿನ ಕೋನ 55 ಡಿಗ್ರಿ ಇರಲಿ ಎಂದ. ಅಮೆರಿಕದ ವಿಲಿಯಂ ಸೆಲರ್ಸ್ 1864ರಲ್ಲಿ 60 ಡಿಗ್ರಿಯನ್ನು ಸೂಚಿಸಿದ. ಇಂದು ನಾವು ಬಳಸುವ ಮೆಟ್ರಿಕ್ ತಿರುಪಿನ ಕೋನವೂ 60 ಡಿಗ್ರಿಯೇ. ಬೆಂಗಳೂರಿನಲ್ಲಿ ಕೊರೆದ ರಂಧ್ರಕ್ಕೆ ಜಪಾನಿನ ತಿರುಪು ಹೊಂದುವುದು ಈ ಒಡಂಬಡಿಕೆಯ ಫಲ.

ಇನ್ನು ರಂಧ್ರದೊಳಗೆ ಥ್ರೆಡ್ ಮಾಡುವ ಉಪಕರಣಕ್ಕೆ ‘ಟ್ಯಾಪ್’ ಎಂದು ಹೆಸರು. ಇದು ನೀರಿನ ನಲ್ಲಿಯಲ್ಲ. ಗಡುಸಾದ ಉಕ್ಕಿನ ತಿರುಪಿನ ಮೈಯಲ್ಲಿ ಉದ್ದಕ್ಕೆ ಮೂರು ನಾಲ್ಕು ಕಾಲುವೆ ತೋಡಿ, ಅವುಗಳ ಅಂಚನ್ನು ಹರಿತ ಮಾಡಿದರೆ ಟ್ಯಾಪ್ ಆಯಿತು. ಮೊದಲು ಡ್ರಿಲ್ಲಿನಿಂದ ನುಣುಪಾದ ರಂಧ್ರವನ್ನು ಕೊರೆದು, ಅದರೊಳಕ್ಕೆ ಟ್ಯಾಪನ್ನು ತಿರುಗಿಸುತ್ತ ಇಳಿಸಿದರೆ ಅದು ಗೋಡೆಯಲ್ಲಿ ತನ್ನದೇ ಅಚ್ಚನ್ನು ಕೊರೆಯುತ್ತದೆ. ಕೊರೆದ ಲೋಹದ ಚೂರು ಕಾಲುವೆಗಳಲ್ಲಿ ಸೇರುತ್ತದೆ.

ಕೈಯಿಂದ ಟ್ಯಾಪ್ ಹಾಕುವವನನ್ನು ನೀವು ನೋಡಿದ್ದರೆ ಅವನ ಕೈಗಳ ಚಲನೆ ನೆನಪಿರಬಹುದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಚೂರು ಮುರಿಯುತ್ತದೆ. ಟ್ಯಾಪ್ ಎಲ್ಲಿಯಾದರೂ ಬಿಗಿಯಾದರೆ ಅವನ ಮಣಿಕಟ್ಟಿಗೆ ತಕ್ಷಣ ತಿಳಿಯುತ್ತದೆ, ಅವನು ನಿಲ್ಲಿಸುತ್ತಾನೆ. ಸಾಧಾರಣ ಯಂತ್ರಕ್ಕೆ ಅಂಥ ಮಣಿಕಟ್ಟಿಲ್ಲ. ಆಜ್ಞಾಪಿಸಿದಷ್ಟನ್ನು ಅದು ಮಾಡಿಯೇ ತೀರುತ್ತದೆ. ಆದುದರಿಂದ ಕೈಗೆ ತಿಳಿಯುತ್ತಿದ್ದುದನ್ನೆಲ್ಲ ಯಂತ್ರವನ್ನು ಚಾಲೂ ಮಾಡುವ ಮೊದಲೇ ತಲೆ ತಿಳಿದುಕೊಂಡಿರಬೇಕು. ಈ ಹೊಸ ವಿದ್ಯೆಯ ಸಾರ ಇದೊಂದೇ ಮಾತಿನಲ್ಲಿದೆ.

ಅಲ್ಯೂಮಿನಿಯಂ ಮೆತ್ತಗಿದೆ, ಅದನ್ನು ಕೊರೆಯುವುದೇನು ಮಹಾ ಎಂದು ನೀವು ಕೇಳಬಹುದು. ಇದು ಬೆಲ್ಲ ಮೆತ್ತಗಿದೆ, ತುರಿಯುವುದು ಸುಲಭ ಎಂದಂತೆ. ಬೇಸಗೆಯ ಬೆಲ್ಲವನ್ನು ತುರಿದು ನೋಡಿದ ಗೃಹಿಣಿಗೆ ನಿಜ ಗೊತ್ತು; ತುರಿಮಣೆಯ ಹಲ್ಲಿಗೆ ಬೆಲ್ಲ ಮೆತ್ತಿಕೊಂಡು ತುರಿಯುವ ಕೆಲಸವೇ ನಿಂತುಹೋಗುತ್ತದೆ. ಅಲ್ಯೂಮಿನಿಯಂ ಕೂಡ ಹಾಗೆಯೇ. ಒತ್ತಡ ಮತ್ತು ಬಿಸಿ ಸೇರಿದಾಗ ಟ್ಯಾಪಿನ ಅಂಚಿಗೆ ಅದು ಅಂಟಿಕೊಳ್ಳುತ್ತದೆ. ಅಂಟಿದ ಲೋಹದ ಮೇಲೆ ಇನ್ನಷ್ಟು ಲೋಹ ಕೂಡುತ್ತದೆ. ಹರಿತವಾದ ಅಂಚು ಮೊಂಡಾಗಿ ಥ್ರೆಡ್ಡನ್ನು ಕೊರೆಯುವ ಬದಲು ಹರಿಯುತ್ತದೆ. ಕಾಲುವೆ ತುಂಬಿದರೆ ಟ್ಯಾಪ್ ಸಿಕ್ಕಿಕೊಂಡು ಲಟಕ್ಕನೆ ಮುರಿಯುತ್ತದೆ. ಶುದ್ಧ ಅಲ್ಯೂಮಿನಿಯಂಗೆ ಈ ಅಂಟುಗುಣ ಹೆಚ್ಚು. ಮೆಗ್ನೀಸಿಯಂ ಮತ್ತು ಸಿಲಿಕಾನ್ ಸೇರಿಸಿ ಹದಗೊಳಿಸಿದ 6061ರಂಥ ಮಿಶ್ರಲೋಹದಲ್ಲಿ ಕಡಿಮೆ. ಕಲಿಯುವವನು ಎರಡನೆಯದರಿಂದ ಆರಂಭಿಸುವುದು ಲೇಸು.

ಹಾಗಾದರೆ ಈ ಜಿಗುಟು ಲೋಹವೇ ಏಕೆ ಬೇಕು? ಅದರ ತೂಕ ಉಕ್ಕಿನ ಮೂರನೆಯ ಒಂದು ಭಾಗದಷ್ಟು, ತುಕ್ಕು ಹಿಡಿಯುವುದಿಲ್ಲ, ಬಿಸಿಯನ್ನು ಬೇಗ ಹೊರಕ್ಕೆ ಸಾಗಿಸುತ್ತದೆ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ, ಒಬ್ಬರನ್ನೊಬ್ಬರು ಅರಿಯದೆಯೇ, ವಿದ್ಯುತ್ತಿನಿಂದ ಅಲ್ಯೂಮಿನಿಯಂ ತೆಗೆಯುವ ದಾರಿಯನ್ನು ಕಂಡುಹಿಡಿದ ಮೇಲೆ ಅದು ಅಗ್ಗವಾಯಿತು. ಈಗ ವಿಮಾನದ ಒಡಲಿನಿಂದ ಸ್ಕೂಟರಿನ ಎಂಜಿನ್ನಿನವರೆಗೆ ಅದಿಲ್ಲದ ಕಡೆಯಿಲ್ಲ.

ಈಗ ಕೆಲಸಕ್ಕೆ ಕೈಯಿಡೋಣ. ಎಂ 6 ತಿರುಪಿಗೆ ಒಂದು ರಂಧ್ರ ಬೇಕಾಗಿದೆ ಎಂದುಕೊಳ್ಳಿ. ಮೊದಲನೆಯ ಪ್ರಶ್ನೆ, ಎಷ್ಟು ದಪ್ಪದ ಡ್ರಿಲ್? ತಿರುಪಿನ ದಪ್ಪದಲ್ಲಿ ಪಿಚ್ಚನ್ನು ಕಳೆಯಿರಿ. ಆರರಲ್ಲಿ ಒಂದು ಹೋದರೆ ಐದು. ಐದು ಮಿಲಿಮೀಟರ್ ಡ್ರಿಲ್. ಎಂ 8ಕ್ಕೆ ಇದೇ ಲೆಕ್ಕದಿಂದ 6.75 ಬರುತ್ತದೆ, ವಾಡಿಕೆಯಲ್ಲಿ 6.8 ಬಳಸುತ್ತಾರೆ. ಇಲ್ಲಿ ಸಡಿಲ ಬಿಡುವಂತಿಲ್ಲ. ಎಂ 6ರ ಸಾಮಾನ್ಯ ಮಾನಕದಂತೆ ಒಳಗಿನ ವ್ಯಾಸ ಸುಮಾರು 4.92ರಿಂದ 5.15 ಮಿಲಿಮೀಟರ್ ಒಳಗೆ ಇರಬೇಕು. ರಂಧ್ರ ಚಿಕ್ಕದಾದರೆ ಟ್ಯಾಪಿನ ಮೇಲೆ ಹೊರೆ ಹೆಚ್ಚಿ ಅದು ಮುರಿಯುತ್ತದೆ. ದೊಡ್ಡದಾದರೆ ಟ್ಯಾಪ್ ಸಲೀಸಾಗಿ ಇಳಿಯುತ್ತದೆ, ಕೆಲಸಗಾರನೂ ಸಂತೋಷಪಡುತ್ತಾನೆ. ಆದರೆ ಥ್ರೆಡ್ ತೆಳ್ಳಗಾಗಿ, ಬಿಗಿಮಾಡಿದ ದಿನ ಕಿತ್ತು ಬರುತ್ತದೆ. ಮುರಿದ ಟ್ಯಾಪ್ ಆಗಲೇ ಕಣ್ಣಿಗೆ ಬೀಳುತ್ತದೆ. ಬಡಕಲು ಥ್ರೆಡ್ ಯಾರ ಕಣ್ಣಿಗೂ ಬೀಳದೆ ಗಿರಾಕಿಯ ಮನೆಯನ್ನು ಸೇರುತ್ತದೆ. ಎರಡರಲ್ಲಿ ಹೆಚ್ಚಿನ ಅಪರಾಧ ಯಾವುದೆಂದು ನೀವೇ ಹೇಳಿ.

ಎರಡನೆಯದು ಆಳ. ಉಕ್ಕಿನ ನಟ್ಟು ತಿರುಪಿನ ದಪ್ಪಕ್ಕಿಂತ ಸ್ವಲ್ಪ ಕಡಿಮೆ ಎತ್ತರವಿದ್ದರೂ ಸಾಕು. ಅಲ್ಯೂಮಿನಿಯಂ ದುರ್ಬಲವಾದುದರಿಂದ ದಪ್ಪದ ಒಂದೂವರೆಯಿಂದ ಎರಡು ಪಟ್ಟು ಆಳ ಥ್ರೆಡ್ ಕೊಡುವುದು ರೂಢಿ. ಎಂ 6ಕ್ಕೆ 9ರಿಂದ 12 ಮಿಲಿಮೀಟರ್. ಅದಕ್ಕಿಂತ ಆಳಕ್ಕೆ ಹೋದರೆ ಬಲ ಹೆಚ್ಚುವುದು ಅತ್ಯಲ್ಪ, ಟ್ಯಾಪಿಗೆ ಅಪಾಯ ಬಹಳ. ಇನ್ನೊಂದು ಸೂಕ್ಷ್ಮ ಉಂಟು. ಟ್ಯಾಪಿನ ತುದಿಯ ಎರಡು ಮೂರು ಸುತ್ತು ಸಣ್ಣಗೆ ಓರೆಯಾಗಿರುತ್ತದೆ. ಆ ಭಾಗ ಪೂರ್ಣ ಥ್ರೆಡ್ಡನ್ನು ಕೊರೆಯುವುದಿಲ್ಲ. ತಳವಿರುವ ರಂಧ್ರದಲ್ಲಿ 12 ಮಿಲಿಮೀಟರ್ ಥ್ರೆಡ್ ಬೇಕಾದರೆ ಡ್ರಿಲ್ಲಿನ ಪೂರ್ಣ ದಪ್ಪ 17 ಅಥವಾ 18 ಮಿಲಿಮೀಟರಿನವರೆಗೆ ಇಳಿದಿರಬೇಕು. ಡ್ರಿಲ್ಲಿನ ಮೊನೆ ಇದರ ಲೆಕ್ಕಕ್ಕೆ ಸೇರದು. ಈ ಬಿಡುವನ್ನು ಮರೆತರೆ ಟ್ಯಾಪ್ ತಳವನ್ನು ಗುದ್ದುತ್ತದೆ. ಯಂತ್ರ ಒತ್ತುತ್ತಲೇ ಇರುತ್ತದೆ. ಮುಂದಿನದನ್ನು ಹೇಳಬೇಕಾಗಿಲ್ಲ.

ಮೂರನೆಯದು ಟ್ಯಾಪಿನ ಆಯ್ಕೆ. ರಂಧ್ರ ಆರುಪಾರಾಗಿದ್ದರೆ ಚೂರನ್ನು ಮುಂದಕ್ಕೆ ನೂಕುವ ಮೊನೆಯ ಟ್ಯಾಪ್ ಒಳ್ಳೆಯದು; ಚೂರು ಕೆಳಗಿನಿಂದ ಉದುರಿಹೋಗುತ್ತದೆ. ತಳವಿದ್ದರೆ ಸುರುಳಿ ಕಾಲುವೆಯ ಟ್ಯಾಪ್ ಬೇಕು. ಅದು ಚೂರನ್ನು ಮೇಲಕ್ಕೆ ಎತ್ತಿ ಹಾಕುತ್ತದೆ. ಮೂರನೆಯ ಬಗೆಯೊಂದುಂಟು. ಅದು ಲೋಹವನ್ನು ಕೊರೆಯದೆ, ಚಕ್ಕುಲಿಯ ಹಿಟ್ಟನ್ನು ಅಚ್ಚಿನಲ್ಲಿ ಒತ್ತಿದಂತೆ, ಒತ್ತಿ ಥ್ರೆಡ್ಡಿನ ಆಕಾರಕ್ಕೆ ತರುತ್ತದೆ. ಚೂರೇ ಇಲ್ಲದ್ದರಿಂದ ಸಿಕ್ಕಿಕೊಳ್ಳುವ ಭಯ ಕಡಿಮೆ, ಥ್ರೆಡ್ಡೂ ಗಟ್ಟಿ. ಆದರೆ ಲೋಹಕ್ಕೆ ಹರಿದಾಡಲು ಎಡೆ ಬೇಕಾದುದರಿಂದ ಡ್ರಿಲ್ ದಪ್ಪವಾಗಿರಬೇಕು. ಎಂ 6ಕ್ಕೆ ಐದಲ್ಲ, ಸುಮಾರು ಐದೂವರೆ. ಒಂದು ಟ್ಯಾಪಿಗೆ ಇನ್ನೊಂದರ ಡ್ರಿಲ್ ಬಳಸಿದರೆ ಕೆಲಸ ಕೆಟ್ಟಿತೆಂದೇ ತಿಳಿಯಿರಿ.

ನಾಲ್ಕನೆಯದು ಎಣ್ಣೆ. ಕೈಕೆಲಸದ ಕಾಲದಿಂದಲೂ ಅಲ್ಯೂಮಿನಿಯಂಗೆ ಸೀಮೆಎಣ್ಣೆಯೇ ಮದ್ದೆಂಬ ಮಾತು ವರ್ಕ್‌ಷಾಪುಗಳಲ್ಲಿ ಉಂಟು. ಅದು ಅಂಟುವಿಕೆಯನ್ನು ತಡೆಯುವುದು ನಿಜ. ಆದರೆ ಬೆಂಕಿಯ ಅಪಾಯವಿರುವುದರಿಂದ ಮುಚ್ಚಿದ ಯಂತ್ರದೊಳಗೆ ಅದು ಸಲ್ಲದು. ಅಲ್ಲಿ ನೀರಿನಲ್ಲಿ ಬೆರೆಸಿದ, ಹಾಲಿನಂತೆ ಕಾಣುವ ಕೂಲೆಂಟ್ ಎಣ್ಣೆಯನ್ನು ಧಾರಾಳವಾಗಿ ಹರಿಸುತ್ತಾರೆ. ಅದು ತೀರ ನೀರಾಗಿದ್ದರೆ ಪ್ರಯೋಜನವಿಲ್ಲ. ನೀರು ಬೆರೆಸಿದ ಹಾಲಿನಂತೆಯೇ ಬಣ್ಣಕ್ಕೆ ಮೋಸಹೋಗದೆ ಅಳೆದು ನೋಡಬೇಕು.

ಇಷ್ಟಾದ ಮೇಲೆ ಯಂತ್ರದ ಸರದಿ. ಸಂಖ್ಯೆಗಳಿಂದ ಯಂತ್ರವನ್ನು ನಡೆಸುವ ವಿಚಾರ ಹುಟ್ಟಿದ್ದು ಅಮೆರಿಕದಲ್ಲಿ. ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್ ಎಂಬಾತನ ಯೋಚನೆಯಿಂದ ಮೊದಲಾಗಿ, 1952ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಶಾಸ್ತ್ರ ಸಂಸ್ಥೆಯವರು ರಂಧ್ರ ಹೊಡೆದ ಕಾಗದದ ಪಟ್ಟಿಯಿಂದ ಆಜ್ಞೆ ಪಡೆಯುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿದರು. ಅದರ ಮರುವರ್ಷ, 1953ರಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಗಿ ನಮ್ಮ ನಾಡು ಯಂತ್ರಗಳನ್ನು ಮಾಡುವ ಯಂತ್ರಗಳಿಗೆ ತವರಾಯಿತು. ಕಾಗದದ ಪಟ್ಟಿ ಹೋಗಿ ಗಣಕ ಬಂದಿದೆ. ಇಂದು ಪೀಣ್ಯದ ಗಲ್ಲಿಗಳಲ್ಲಿ ನಾಲ್ಕು ಜನರ ಸಣ್ಣ ಕಾರ್ಖಾನೆಯಲ್ಲಿಯೂ ಒಂದು ಸಿ.ಎನ್.ಸಿ. ಯಂತ್ರವನ್ನು ಕಾಣಬಹುದು.

ಟ್ಯಾಪ್ ಹಾಕುವಾಗ ಈ ಯಂತ್ರ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕು. ಒಂದು, ಟ್ಯಾಪನ್ನು ಹಿಡಿದ ಸ್ಪಿಂಡಲ್ ತಿರುಗಬೇಕು. ಇನ್ನೊಂದು, ಅದು ಕೆಳಗಿಳಿಯಬೇಕು. ಒಂದು ಸುತ್ತಿಗೆ ಸರಿಯಾಗಿ ಒಂದು ಪಿಚ್, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನೀವು ಬಾನುಲಿಯಲ್ಲಿ ಕಛೇರಿ ಕೇಳುವವರಾದರೆ ಹಾಡುಗಾರನೂ ಮೃದಂಗದವನೂ ಎಷ್ಟು ಸುತ್ತಾಡಿದರೂ ಸಮಕ್ಕೆ ಒಟ್ಟಿಗೆ ಬಂದು ಸೇರುವುದನ್ನು ಬಲ್ಲಿರಿ. ಇಲ್ಲಿಯೂ ಹಾಗೆಯೇ, ವ್ಯತ್ಯಾಸವೆಂದರೆ ಪ್ರತಿ ಸುತ್ತಿಗೂ ಸಮ ಬರುತ್ತದೆ.

ಲೆಕ್ಕ ಸುಲಭ. ನಿಮಿಷಕ್ಕೆ ಎಷ್ಟು ಸುತ್ತೋ ಅದನ್ನು ಪಿಚ್ಚಿನಿಂದ ಗುಣಿಸಿದರೆ ನಿಮಿಷಕ್ಕೆ ಇಳಿಯಬೇಕಾದ ದೂರ. ಎಂ 6ಕ್ಕೆ ನಿಮಿಷಕ್ಕೆ 500 ಸುತ್ತಾದರೆ 500 ಮಿಲಿಮೀಟರ್. ಎಂ 8ಕ್ಕೆ ಅದೇ 500 ಸುತ್ತಿಗೆ 625 ಮಿಲಿಮೀಟರ್. ಎಂ 6ರ ಆಜ್ಞೆಯನ್ನು ತಿದ್ದದೆ ಎಂ 8ರ ಟ್ಯಾಪ್ ಹಾಕಿದರೆ ಏನಾದೀತು? ಟ್ಯಾಪ್ ಸುತ್ತಿಗೆ 1.25 ಮಿಲಿಮೀಟರ್ ಇಳಿಯಬೇಕೆನ್ನುತ್ತದೆ, ಯಂತ್ರ 1 ಮಿಲಿಮೀಟರ್ ಮಾತ್ರ ಬಿಡುತ್ತದೆ. ಹತ್ತು ಸುತ್ತಿನಲ್ಲಿ ಎರಡೂವರೆ ಮಿಲಿಮೀಟರ್ ಜಗಳ. ಜಗಳದಲ್ಲಿ ಸೋಲುವುದು ಯಂತ್ರವಲ್ಲ. ಥ್ರೆಡ್ ಹರಿಯುತ್ತದೆ, ಇಲ್ಲವೆ ಟ್ಯಾಪ್ ಮುರಿಯುತ್ತದೆ.

ಹಳೆಯ ಯಂತ್ರಗಳಲ್ಲಿ ಈ ಎರಡು ಚಲನೆಗಳನ್ನು ಕರಾರುವಾಕ್ಕಾಗಿ ಹೊಂದಿಸಲು ಆಗುತ್ತಿರಲಿಲ್ಲವಾದ್ದರಿಂದ, ಸ್ಪ್ರಿಂಗಿನಿಂದ ಸ್ವಲ್ಪ ಮೇಲೆ ಕೆಳಗೆ ಜಾರುವ ಹೋಲ್ಡರಿನಲ್ಲಿ ಟ್ಯಾಪನ್ನು ಹಿಡಿಯುತ್ತಿದ್ದರು. ಇಂದಿಗೂ ಅದರ ಬಳಕೆಯುಂಟು. ಹೊಸ ಯಂತ್ರಗಳಲ್ಲಿ ಸ್ಪಿಂಡಲಿನ ಒಂದೊಂದು ಸುತ್ತನ್ನೂ ಸೂಕ್ಷ್ಮ ಭಾಗಗಳಾಗಿ ಎಣಿಸುವ ಸಾಧನವಿದ್ದು, ಗಣಕ ಅದನ್ನು ನೋಡುತ್ತಲೇ ಇಳಿತವನ್ನು ಹೊಂದಿಸುತ್ತದೆ. ಇದನ್ನು ‘ರಿಜಿಡ್ ಟ್ಯಾಪಿಂಗ್’ ಎನ್ನುತ್ತಾರೆ. ಪ್ರೋಗ್ರಾಮಿನಲ್ಲಿ ‘ಜಿ 84’ ಎಂಬ ಒಂದು ಸಾಲು ಬರೆದರೆ ಸಾಕು. ಯಂತ್ರ ಇಳಿದು, ತಳದಲ್ಲಿ ನಿಂತು, ಹಿಮ್ಮುಖವಾಗಿ ತಿರುಗಿ, ಬಂದ ದಾರಿಯಲ್ಲೇ ಹೊರಬರುತ್ತದೆ. 500 ಸುತ್ತಿನ ವೇಗದಲ್ಲಿ 12 ಮಿಲಿಮೀಟರ್ ಇಳಿಯಲು ಒಂದೂವರೆ ಸೆಕೆಂಡೂ ಬೇಡ. ಈ ನಡುವೆ ಕೆಲಸಗಾರ ಗಾಬರಿಯಿಂದ ಸಾಮಾನ್ಯ ನಿಲುಗಡೆಯ ಗುಂಡಿಯನ್ನು ಒತ್ತಿದರೂ ಹಲವು ಯಂತ್ರಗಳು ಟ್ಯಾಪನ್ನು ಹೊರತೆಗೆದ ಮೇಲೆಯೇ ನಿಲ್ಲುತ್ತವೆ; ನಡುವೆ ನಿಂತರೆ ಟ್ಯಾಪ್ ಒಳಗೇ ಉಳಿದೀತೆಂಬ ಕಾರಣದಿಂದ ಅವುಗಳನ್ನು ಹಾಗೆ ಮಾಡಿದ್ದಾರೆ. ಹೊಸಬನಿಗೆ ಇದು ಮೊದಲೇ ತಿಳಿದಿರಬೇಕು.

ಆದುದರಿಂದಲೇ ಒಳ್ಳೆಯ ಗುರು ಈ ವಿದ್ಯೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಲಿಸುತ್ತಾನೆ. ಮೊದಲು ಅದೇ ಲೋಹದ ತುಂಡಿನಲ್ಲಿ ಕೈಯಿಂದ ಹತ್ತಾರು ರಂಧ್ರಗಳಿಗೆ ಟ್ಯಾಪ್ ಹಾಕಿಸುತ್ತಾನೆ. ಲೋಹ ಹಿಡಿಯುವುದು ಹೇಗೆ, ಬಿಡುವುದು ಹೇಗೆ ಎಂಬುದು ಬೆರಳಿಗೆ ತಿಳಿಯಲಿ ಎಂದು. ಆಮೇಲೆ ಡ್ರಿಲ್, ಆಳ, ವೇಗ, ಇಳಿತ ನಾಲ್ಕನ್ನೂ ಕಾಗದದ ಮೇಲೆ ಬರೆಸುತ್ತಾನೆ. ಮೂರನೆಯದಾಗಿ, ಯಂತ್ರವನ್ನು ಲೋಹದಿಂದ ಮೇಲೆ, ಗಾಳಿಯಲ್ಲಿಯೇ ನಡೆಸಿ ತೋರಿಸುತ್ತಾನೆ. ನಾಲ್ಕನೆಯದಾಗಿ, ಹಾಳಾದರೂ ಚಿಂತೆಯಿಲ್ಲದ ತುಂಡಿನಲ್ಲಿ ಒಂದು ರಂಧ್ರ. ಅದನ್ನು ಗೇಜಿನಿಂದ ಪರೀಕ್ಷಿಸಬೇಕು. ಗೇಜಿಗೆ ಎರಡು ತುದಿ. ‘ಹೋಗಬೇಕಾದ’ ತುದಿ ಪೂರ್ತಿ ಒಳಹೋಗಬೇಕು, ‘ಹೋಗಬಾರದ’ ತುದಿ ಒಂದೆರಡು ಸುತ್ತಿನಲ್ಲಿ ನಿಲ್ಲಬೇಕು. ಇಷ್ಟು ದಾಟಿದ ಮೇಲೆಯೇ ನಿಜವಾದ ಕೆಲಸ. ತಿರುಗುವ ಸ್ಪಿಂಡಲಿನ ಹತ್ತಿರ ಕೈಚೀಲ ತೊಟ್ಟ ಕೈಯನ್ನಾಗಲಿ ಬಟ್ಟೆಯನ್ನಾಗಲಿ ಒಯ್ಯಬಾರದು ಎಂಬ ಪಾಠವಂತೂ ಮೊದಲ ದಿನದ್ದು.

ಇಷ್ಟೊಂದು ಕಟ್ಟುನಿಟ್ಟು ಏಕೆಂದರೆ, ಟ್ಯಾಪ್ ಹಾಕುವುದು ಸಾಮಾನ್ಯವಾಗಿ ಕಡೆಯ ಕೆಲಸಗಳಲ್ಲೊಂದು. ಲೋಹದ ದಿಮ್ಮಿಯನ್ನು ಗಂಟೆಗಟ್ಟಲೆ ಕೆತ್ತಿ, ನಯಗೊಳಿಸಿ, ಇಪ್ಪತ್ತು ರಂಧ್ರಗಳಲ್ಲಿ ಹತ್ತೊಂಬತ್ತಕ್ಕೆ ಟ್ಯಾಪ್ ಹಾಕಿದ ಮೇಲೆ ಇಪ್ಪತ್ತನೆಯದರಲ್ಲಿ ಟ್ಯಾಪ್ ಮುರಿದರೆ ಹೋಗುವುದು ಒಂದು ಟ್ಯಾಪಲ್ಲ, ಅಷ್ಟೂ ಶ್ರಮ. ಸಣ್ಣ ಕಾರ್ಖಾನೆಗೆ ಅದು ಒಂದು ದಿನದ ಸಂಪಾದನೆ. ಬೆಲೆಬಾಳುವ ಕೆಲಸದಲ್ಲಿ ಈ ಭಯದಿಂದಲೇ ಕೆಲವರು ಟ್ಯಾಪನ್ನು ಬಿಟ್ಟು, ರಂಧ್ರಕ್ಕಿಂತ ಸಣ್ಣದಾದ ಕಟ್ಟರನ್ನು ಸುರುಳಿಯಾಗಿ ಸುತ್ತಿಸಿ ಥ್ರೆಡ್ ಕೊರೆಯುತ್ತಾರೆ. ಹೊತ್ತು ಹೆಚ್ಚು ಹಿಡಿದರೂ, ಕಟ್ಟರ್ ಮುರಿದರೆ ಕೈಯಿಂದ ಎತ್ತಿಹಾಕಬಹುದು.

ಮುರಿದು ಸಿಕ್ಕಿಕೊಂಡ ಟ್ಯಾಪನ್ನು ಡ್ರಿಲ್ಲಿನಿಂದ ತೆಗೆಯುವುದು ಕಷ್ಟ. ಅದೇ ಡ್ರಿಲ್ಲಿನಷ್ಟು ಗಡುಸು. ದೊಡ್ಡ ಕಾರ್ಖಾನೆಗಳಲ್ಲಿ ವಿದ್ಯುತ್ ಕಿಡಿಯಿಂದ ಅದನ್ನು ಸವೆಸುವ ಯಂತ್ರವುಂಟು. ಅದಿಲ್ಲದವರಿಗೆ ಗಡಿಯಾರ ರಿಪೇರಿಯವರ ಹಳೆಯ ಉಪಾಯವೊಂದಿದೆ. ಕ್ಷೌರದ ಮೇಲೆ ಮುಖಕ್ಕೆ ತಿಕ್ಕುವ ಪಟಿಕವನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ಕರಗಿಸಿ, ಗಾಜಿನ ಪಾತ್ರೆಯಲ್ಲಿ ಆ ಭಾಗವನ್ನು ಬಿಸಿಯಾಗಿಯೇ ನೆನೆಯಿಟ್ಟರೆ, ಪಟಿಕ ಉಕ್ಕನ್ನು ಮೆಲ್ಲಮೆಲ್ಲನೆ ತಿಂದುಹಾಕುತ್ತದೆ, ಅಲ್ಯೂಮಿನಿಯಂನ ಗೊಡವೆಗೆ ಹೆಚ್ಚಾಗಿ ಹೋಗುವುದಿಲ್ಲ. ಗಂಟೆಗಳು, ಕೆಲವೊಮ್ಮೆ ದಿನಗಳೇ ಬೇಕು, ತಾಳ್ಮೆಯಿರಬೇಕು. ಅಲ್ಯೂಮಿನಿಯಂ ಎಂಬ ಹೆಸರು ಬಂದದ್ದೇ ಪಟಿಕದ ಲ್ಯಾಟಿನ್ ಹೆಸರಿನಿಂದ. ಮಗು ಸಿಕ್ಕಿಬಿದ್ದಾಗ ತಾಯಿ ಬಂದು ಬಿಡಿಸಿದಳೆನ್ನೋಣ.

ಈಗ ನಿಮ್ಮ ಮನೆಗೆ ಸಂಬಂಧಿಸಿದ ಮಾತು. ಸ್ಕೂಟರಿನ ಸ್ಪಾರ್ಕ್ ಪ್ಲಗ್ಗು ಕೂರುವುದು ಅಲ್ಯೂಮಿನಿಯಂ ತಲೆಯಲ್ಲಿ. ಎಂಜಿನ್ ಎಣ್ಣೆ ಇಳಿಸುವ ಬೋಲ್ಟು ಬಿಗಿಯುವುದೂ ಬಹುತೇಕ ಅಲ್ಯೂಮಿನಿಯಂನಲ್ಲಿಯೇ. ಉಕ್ಕಿನ ಬೋಲ್ಟಿಗೂ ಅಲ್ಯೂಮಿನಿಯಂಗೂ ಜಗಳವಾದರೆ ಸೋಲುವುದು ಅಲ್ಯೂಮಿನಿಯಂ. ಆದುದರಿಂದ ಯಾವ ತಿರುಪನ್ನೇ ಆಗಲಿ ಮೊದಲು ಸ್ಪ್ಯಾನರಿನಿಂದ ಹಾಕಬೇಡಿ. ಬೆರಳಿನಿಂದ ಹಿಡಿದು ಹಿಂದಕ್ಕೆ ನಿಧಾನವಾಗಿ ತಿರುಗಿಸಿ. ಥ್ರೆಡ್ಡಿನ ಬಾಯಿ ಸಿಕ್ಕಾಗ ‘ಟಕ್’ ಎಂದು ಕೂರುವುದು ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ಬೆರಳಿನಿಂದಲೇ ಮೂರು ನಾಲ್ಕು ಸುತ್ತು ಹೋದರೆ ದಾರಿ ಸರಿಯಾಗಿದೆ ಎಂದರ್ಥ. ಬಿಗಿಮಾಡುವಾಗ ಮೈಬಲವನ್ನೆಲ್ಲ ತೋರಿಸಬೇಕಾಗಿಲ್ಲ. ಥ್ರೆಡ್ ಹೋಗಿಯೇ ಬಿಟ್ಟಿದ್ದರೂ ಎದೆಗುಂದಬೇಡಿ. ರಂಧ್ರವನ್ನು ದೊಡ್ಡದು ಮಾಡಿ, ಹೊಸ ಥ್ರೆಡ್ ಹಾಕಿ, ಉಕ್ಕಿನ ತಂತಿಯ ಸುರುಳಿಯೊಂದನ್ನು ಒಳಗೆ ಕೂರಿಸಿ ಹಳೆಯ ಅಳತೆಗೆ ತರುವ ವಿಧಾನವುಂಟು. ಬಲ್ಲ ಮೆಕ್ಯಾನಿಕ್ಕನ್ನು ಕೇಳಿ.

ಯಂತ್ರ ಬಂದ ಮೇಲೆ ಕುಶಲತೆಗೆ ಕೆಲಸವಿಲ್ಲ, ಗುಂಡಿ ಒತ್ತಿದರೆ ಮುಗಿಯಿತು ಎಂದು ಹೇಳುವವರು ನಮ್ಮಲ್ಲಿ ಬಹಳ ಮಂದಿ. ಒಂದೂವರೆ ಸೆಕೆಂಡಿನ ಈ ಕೆಲಸದ ಹಿಂದೆ ಎಷ್ಟು ವಿಚಾರವಿದೆ ಎಂಬುದನ್ನು ನೀವು ಈಗ ಕಂಡಿರಿ. ಕುಶಲತೆ ಹೋಗಿಲ್ಲ, ಕೈಯಿಂದ ಮುಂದಾಲೋಚನೆಗೆ ಸ್ಥಳ ಬದಲಿಸಿದೆ. ಬೆಂಗಳೂರಿನಲ್ಲಿ 1972ರಲ್ಲಿ ಆರಂಭವಾದ ಸರಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರದ ಶಾಖೆಗಳು ಇಂದು ನಾಡಿನ ಹಲವು ಊರುಗಳಲ್ಲಿವೆ, ಎಸ್.ಎಸ್.ಎಲ್.ಸಿ. ಮುಗಿಸಿದವರಿಗೂ ಅಲ್ಲಿ ಡಿಪ್ಲೊಮಾ ತರಗತಿಗಳುಂಟು. ಲೆಕ್ಕದಲ್ಲಿ ಶ್ರದ್ಧೆಯೂ ಅಳತೆಯಲ್ಲಿ ಪ್ರಾಮಾಣಿಕತೆಯೂ ಇರುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ, ಈ ದಾರಿಯೂ ಒಂದುಂಟು ಎಂದು ಅವರಿಗೆ ಹೇಳಿ. ಕಣ್ಣಿಗೆ ಬೀಳದ ರಂಧ್ರದ ಒಳಗೂ ಕೆಲಸ ಸರಿಯಾಗಿರಬೇಕೆಂದು ಹಟ ಹಿಡಿಯುವವರಿಂದಲೇ ನಾವು ನೆಚ್ಚಿ ಕೂರುವ ವಾಹನ, ನೆತ್ತಿಯ ಮೇಲೆ ತಿರುಗುವ ಫ್ಯಾನು ಭದ್ರವಾಗಿ ನಿಲ್ಲುವುದು.